ಹೋಟೆಲ್ ಮುಚ್ಚಿದಾಗ ಹುಟ್ಟಿದ ಮಸಾಲೆ ಪೊಟ್ಟಣ

ಬೇಸಿಗೆ ಬಿಸಿಲು ಏರಿತೆಂದರೆ ಯಾದಗಿರಿ, ಶಹಾಪುರ, ಸುರಪುರ, ಎಲ್ಲೇ ಹೋಗಿ, ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಹರವಿರುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ದಾಲ್ಚಿನ್ನಿ, ಒಣಕೊಬ್ಬರಿ ಎಲ್ಲ ಬೇರೆ ಬೇರೆ ಹುರಿದು, ಗಿರಣಿಯಲ್ಲಿ ಸೀನುತ್ತ ನಿಂತು ಕುಟ್ಟಿಸಿ ತಂದರೆ ವರ್ಷದ ಮಸಾಲಿ ಖಾರದ ಚಿಂತೆ ಮುಗಿಯಿತು. (ಡಬ್ಬಿಯ ನಡುವೆ ಇಂಗಿನ ಹರಳು ಇಡುವುದನ್ನು ಮರೆಯಬೇಡಿ, ಹುಳ ಬೀಳುವುದಿಲ್ಲ.) "ಪೊಟ್ಟಣದ ಪುಡಿ ಯಾಕವ್ವಾ? ಅದಕ್ಕ ಕೈರುಚಿ ಎಲ್ಲಿಂದ ಬರಬೇಕು?" ಎನ್ನುವ ಅತ್ತೆಯರು ಈಗಲೂ ಇದ್ದಾರೆ. ಆದರೂ ಬೀಗರು ಹೇಳದೆ ಕೇಳದೆ ಬಂದ ದಿನ ಅಂಗಡಿಯ ಸಾಂಬಾರ್ ಪುಡಿ ತರಿಸುವವರೂ ನಾವೇ ಅಲ್ಲವೇ? ಆ ಪೊಟ್ಟಣದ ಮೇಲೆ ಎಷ್ಟೋ ಸಲ ಕಾಣುವ ಹೆಸರು ಎಂ.ಟಿ.ಆರ್. ಅದರ ಹಿಂದೆ ಒಂದು ಮನೆತನದ ಕಥೆಯೇ ಇದೆ.

ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿಗೆ ಬಂದು ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದವರು. 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಕಾಫಿ, ಇಡ್ಲಿಯ ಸಣ್ಣ ಹೋಟೆಲ್ ಇಟ್ಟರು. ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಮುಂದೆ ಯಜ್ಞನಾರಾಯಣ ಮಯ್ಯರು ಅದನ್ನು ಬೆಳೆಸಿದರು. 1951ರಲ್ಲಿ ಯುರೋಪು ನೋಡಿ ಬಂದ ಅವರಿಗೆ ಹಿಡಿದದ್ದು ಸ್ವಚ್ಛತೆಯ ಹುಚ್ಚು! 1960ರಲ್ಲಿ ಹೋಟೆಲು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಅದರ ಮೊದಲಕ್ಷರಗಳೇ ಎಂ.ಟಿ.ಆರ್. ನಾವು ಚಹಾದ ಮಂದಿ, ಅಲ್ಲಿ ಬೆಳ್ಳಿ ಲೋಟದಲ್ಲಿ ಕಾಫಿ ಕೊಡುತ್ತಾರೆಂದರೆ ಕಣ್ಣರಳಿಸುತ್ತೇವೆ.

ರವೆ ಇಡ್ಲಿಯೂ ತಮ್ಮದೇ ಎಂದು ಅವರು ಹೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ಹುರಿದ ರವೆಯನ್ನು ಮೊಸರಲ್ಲಿ ಕಲಸಿ ಬೇಯಿಸಿದರಂತೆ. ರುಬ್ಬುವುದಿಲ್ಲ, ರಾತ್ರಿಯೆಲ್ಲ ಹುಳಿ ಬರಿಸುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1975ರ ತುರ್ತುಪರಿಸ್ಥಿತಿಯ ಕಾಲಕ್ಕೆ. ಹೋಟೆಲ್ ತಿಂಡಿಗಳನ್ನು ತೀರ ಕಡಿಮೆ ದರಕ್ಕೆ ಮಾರಬೇಕೆಂದು ಸರ್ಕಾರದ ಕಟ್ಟಪ್ಪಣೆಯಾಯಿತು. ಆ ದರಕ್ಕೆ ತುಪ್ಪವನ್ನೂ ಬೇಳೆಯನ್ನೂ ಕಡಿಮೆ ಮಾಡದೆ ಮಾರಿದರೆ ದಿನಾ ನಷ್ಟ. ಕಲಬೆರಕೆಗೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಹೋಟೆಲನ್ನೇ ಮುಚ್ಚಿದರು.

ಆದರೆ ಆಳುಗಳ ಗತಿ? ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಿಬಿಡುವುದು ಸುಲಭದ ದಾರಿ. ಅವರು ಹಾಗೆ ಮಾಡದೆ ಪಕ್ಕದಲ್ಲಿ ಅಂಗಡಿ ತೆರೆದು ಸಾಂಬಾರ್ ಪುಡಿ, ಚಟ್ನಿ ಪುಡಿ, ರವೆ ಇಡ್ಲಿಯ ಸಿದ್ಧ ಹಿಟ್ಟು ಕಟ್ಟಿ ಮಾರತೊಡಗಿದರು. ಹೋಟೆಲಿನ ಕೈಗಳಿಗೆ ಕೆಲಸ ಉಳಿಯಿತು. ನನಗೆ ಈ ಕಥೆಯಲ್ಲಿ ಹಿಡಿಸಿದ್ದೇ ಇದು. ನಷ್ಟದ ದಿನಗಳಲ್ಲಿ ಹುಟ್ಟಿದ ಆ ಪೊಟ್ಟಣ ಸದಾನಂದ ಮಯ್ಯರ ದುಡಿಮೆಯಿಂದ ಊರೂರಿಗೆ ಹೋಯಿತು. ಹೋಟೆಲೂ ಆಮೇಲೆ ಬಾಗಿಲು ತೆರೆಯಿತು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. 2007ರಲ್ಲಿ ಪೊಟ್ಟಣದ ವ್ಯಾಪಾರವನ್ನು ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಮನೆತನದ ಕೈಯಲ್ಲಿ ಉಳಿದದ್ದು ಹೋಟೆಲು. ಅದನ್ನು ಹರಿಶ್ಚಂದ್ರ ಮಯ್ಯರ ಮಕ್ಕಳಾದ ಹೇಮಮಾಲಿನಿ, ವಿಕ್ರಮ್, ಅರವಿಂದ್ ನಡೆಸಿಕೊಂಡು ಬಂದರು. ಹೆಸರು ಒಂದೇ, ಒಡೆಯರು ಬೇರೆ ಬೇರೆ! ಸದಾನಂದ ಮಯ್ಯರೋ, ಸುಮ್ಮನೆ ಕೂರದೆ ಕೆಲವು ವರ್ಷಗಳ ಮೇಲೆ 'ಮಯ್ಯಾಸ್' ಎಂದು ಮನೆತನದ ಹೆಸರಿಟ್ಟು ಮತ್ತೆ ತಿಂಡಿ, ಪುಡಿಗಳ ವ್ಯಾಪಾರಕ್ಕೇ ಇಳಿದರು.

ಇದನ್ನೆಲ್ಲ ಹೇಳಿದಾಗ ನಮ್ಮ ಓಣಿಯ ಅಜ್ಜಿಯೊಬ್ಬರು ಕೇಳಿದ್ದು ಒಂದೇ ಮಾತು: "ಖಾರ ಹುರಿಯೋ ಹಳೇ ಆಳುಗಳು ಯಾರ ಕಡೆ ಹೋದರವ್ವಾ?"