ಮೂರು ಮೂಲೆಯ ಎಂಜಿನ್, ಹಿರೋಶಿಮಾದ ಹಟ

ಕಾರಿನ ಚಕ್ರ ಸುತ್ತುತ್ತದೆ. ಅದನ್ನು ಸುತ್ತಿಸುವ ಪಿಸ್ಟನ್ ಮಾತ್ರ ಸುತ್ತುವುದಿಲ್ಲ. ಸಿಲಿಂಡರಿನೊಳಗೆ ಅದು ಮೇಲೇರುತ್ತದೆ, ಕ್ಷಣಕಾಲ ನಿಲ್ಲುತ್ತದೆ, ಕೆಳಗಿಳಿಯುತ್ತದೆ, ಮತ್ತೆ ನಿಲ್ಲುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ಹಾಕುವಾಗ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 200 ಸಲ ನಿಂತು ದಿಕ್ಕು ಬದಲಿಸುತ್ತದೆ. ಈ ಏರಿಳಿತವನ್ನು ತಿರುಗಾಟವಾಗಿ ಮಾರ್ಪಡಿಸಲು ಕನೆಕ್ಟಿಂಗ್ ರಾಡ್ ಬೇಕು, ಕ್ರ್ಯಾಂಕ್‌ಶಾಫ್ಟ್ ಬೇಕು. ಗಾಳಿಯನ್ನು ಒಳಗೆ ಬಿಟ್ಟು ಹೊಗೆಯನ್ನು ಹೊರಗೆ ಕಳಿಸಲು ವಾಲ್ವ್‌ಗಳು, ಅವುಗಳ ಸ್ಪ್ರಿಂಗ್‌ಗಳು, ಕ್ಯಾಮ್‌ಗಳು ಬೇಕು. ಇಷ್ಟೆಲ್ಲ ಭಾಗಗಳ ಒದ್ದಾಟವೇ ನಮ್ಮ ಕೈಕಾಲಿಗೆ ನಡುಕವಾಗಿ ಮುಟ್ಟುತ್ತದೆ.

ಮೊದಲಿನಿಂದಲೇ ಸುತ್ತುವ ಎಂಜಿನ್ ಮಾಡಿದರೆ ಹೇಗೆ? ಈ ಪ್ರಶ್ನೆ ಅನೇಕರನ್ನು ಕಾಡಿದೆ. ಉತ್ತರ ಹುಡುಕಲು ಹೊರಟ ದೊಡ್ಡ ದೊಡ್ಡ ಕಂಪನಿಗಳು ಅರ್ಧ ದಾರಿಗೇ ಕೈಬಿಟ್ಟವು. ಪಟ್ಟು ಬಿಡದೆ ಉಳಿದದ್ದು ಜಪಾನಿನ ಮಜ್ದಾ. ಈ ಕಂಪನಿಯ ಕಾರುಗಳ ಮೇಲೆ ಅವುಗಳ ಒಡೆಯರಿಗೆ ಇರುವ ಪ್ರೀತಿ ಲೆಕ್ಕಾಚಾರಕ್ಕೆ ಸಿಗುವಂಥದ್ದಲ್ಲ. ಹೆಚ್ಚು ಪೆಟ್ರೋಲ್ ಕುಡಿಯುವ, ಆಯಿಲ್ ಸುಡುವ, ಜೋಪಾನ ಬೇಡುವ ಯಂತ್ರವನ್ನು ಜನ ಹತ್ತಾರು ವರ್ಷ ಸಾಕಿಕೊಂಡಿದ್ದಾರೆ. ಅದಕ್ಕೆ ಕಾರಣ ಜಾಹೀರಾತಿನಲ್ಲಿಲ್ಲ, ಎಂಜಿನ್ನಿನ ಜ್ಯಾಮಿತಿಯಲ್ಲಿದೆ ಎಂಬುದು ನನ್ನ ನಂಬಿಕೆ.

ಬಿರಡೆಯಿಂದ ಮೂರು ಗಾಲಿಗೆ

ನಮ್ಮ ಕಡೆ ಮಜ್ದಾ ಎಂದರೆ ಕಣ್ಣ ಮುಂದೆ ಬರುವುದು ‘ಸ್ವರಾಜ್ ಮಜ್ದಾ’ ಮಿನಿ ಲಾರಿ ಮತ್ತು ಶಾಲಾ ಬಸ್ಸು. 1980ರ ದಶಕದಲ್ಲಿ ಪಂಜಾಬಿನಲ್ಲಿ ಜಪಾನಿನ ಸಹಯೋಗದಿಂದ ಹುಟ್ಟಿದ ಆ ಕಂಪನಿ 2011ರಲ್ಲಿ ಹೆಸರು ಬದಲಿಸಿಕೊಂಡಿತು. ಆ ಡೀಸೆಲ್ ಗಾಡಿಗಳಿಗೂ ಇಲ್ಲಿ ಹೇಳಹೊರಟ ಎಂಜಿನ್ನಿಗೂ ಸಂಬಂಧವಿಲ್ಲ. ಆದರೂ ಕಷ್ಟದ ರಸ್ತೆಗೆ ಸರಕಿನ ಗಾಡಿ ಕಟ್ಟುವ ಕಸುಬು ಮಜ್ದಾಕ್ಕೆ ಹುಟ್ಟಿನ ಕಾಲದಿಂದಲೇ ಬಂದದ್ದು.

1920ರಲ್ಲಿ ಹಿರೋಶಿಮಾದಲ್ಲಿ ತೊಯೊ ಕಾರ್ಕ್ ಕೊಗ್ಯೊ ಎಂಬ ಸಂಸ್ಥೆ ಶುರುವಾಯಿತು; ಮಜ್ದಾದ ಮೂಲ ಅದೇ. ಹೆಸರೇ ಹೇಳುವಂತೆ ಅದು ಕಾರ್ಕ್, ಅಂದರೆ ಬಿರಡೆಯ ಸಾಮಗ್ರಿ ತಯಾರಿಸುತ್ತಿತ್ತು. ಮರುವರ್ಷ ಅದರ ಚುಕ್ಕಾಣಿ ಹಿಡಿದ ಜುಜಿರೊ ಮತ್ಸುದಾ ಕಂಪನಿಯನ್ನು ಯಂತ್ರೋಪಕರಣಗಳ ಕಡೆಗೆ ಹೊರಳಿಸಿದರು. 1931ರಲ್ಲಿ ‘ಮಜ್ದಾ-ಗೊ’ ಎಂಬ ಮೂರು ಗಾಲಿಯ ಸರಕು ಗಾಡಿ ಹೊರಬಂತು.

1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಶಿಮಾದ ಮೇಲೆ ಅಣುಬಾಂಬ್ ಬಿತ್ತು. ಊರ ಹೊರಗೆ ಫುಚು ಎಂಬಲ್ಲಿದ್ದ ಕಾರ್ಖಾನೆಗೂ ಸ್ಫೋಟದ ಕೇಂದ್ರಕ್ಕೂ ನಡುವೆ ಹಿಜಿಯಾಮಾ ಎಂಬ ಗುಡ್ಡವಿತ್ತು. ಅದರ ಮರೆ ಕಟ್ಟಡಗಳನ್ನು ಪೂರ್ತಿ ನಾಶದಿಂದ ಕಾಪಾಡಿತು. ನಗರದೊಳಗಿದ್ದ ಕಾರ್ಮಿಕರನ್ನೂ ಅವರ ಮನೆಯವರನ್ನೂ ಕಾಪಾಡುವ ಗುಡ್ಡ ಯಾವುದೂ ಇರಲಿಲ್ಲ. ಸರ್ಕಾರಿ ಕಚೇರಿಗಳೆಲ್ಲ ಬೂದಿಯಾಗಿದ್ದರಿಂದ ಪ್ರಾಂತ್ಯದ ಆಡಳಿತ ಮುಂದಿನ ವರ್ಷದವರೆಗೂ ಈ ಕಾರ್ಖಾನೆಯ ಕಟ್ಟಡದಿಂದಲೇ ನಡೆಯಿತು. ಅದೇ ಡಿಸೆಂಬರ್‌ನಲ್ಲಿ ಮೂರು ಗಾಲಿಯ ಗಾಡಿಗಳ ತಯಾರಿಕೆ ಮತ್ತೆ ಆರಂಭವಾಯಿತು. ಸುಟ್ಟ ಊರನ್ನು ಮತ್ತೆ ಕಟ್ಟುವ ಸಾಮಾನು ಹೊತ್ತ ಗಾಡಿಗಳಲ್ಲಿ ಇವೂ ಇದ್ದವು. ಈ ಊರಿಗೂ ಈ ಕಂಪನಿಗೂ ಇರುವ ನಂಟು ಅಷ್ಟು ಹಳೆಯದು.

ರೇಷ್ಮೆ ಗೂಡಿನೊಳಗೆ ತ್ರಿಕೋನ

1960ರ ಹೊತ್ತಿಗೆ ಕಂಪನಿ ಪುಟ್ಟ ಕಾರುಗಳನ್ನೂ ಮಾಡತೊಡಗಿತು. ಅದೇ ಕಾಲಕ್ಕೆ ಜಪಾನ್ ಸರ್ಕಾರ ಕಾರು ಕಂಪನಿಗಳನ್ನು ಕೆಲವೇ ಗುಂಪುಗಳಾಗಿ ಒಗ್ಗೂಡಿಸುವ ಯೋಚನೆಯಲ್ಲಿತ್ತು. ಹಾಗಾದರೆ ಸಣ್ಣವು ದೊಡ್ಡವುಗಳ ಹೊಟ್ಟೆ ಸೇರುವುದು ಖಚಿತ. ಸ್ವತಂತ್ರವಾಗಿ ಉಳಿಯಬೇಕಾದರೆ ಬೇರೆ ಯಾರ ಬಳಿಯೂ ಇಲ್ಲದ ವಿದ್ಯೆ ಕೈಯಲ್ಲಿರಬೇಕು ಎಂದು ಆಗಿನ ಅಧ್ಯಕ್ಷ ತ್ಸುನೆಜಿ ಮತ್ಸುದಾ ಲೆಕ್ಕ ಹಾಕಿದರು. ಅವರ ಕಣ್ಣು ಜರ್ಮನಿಯ ಎನ್‌ಎಸ್‌ಯು ಕಂಪನಿಯ ಮೇಲೆ ಬಿತ್ತು.

ಅಲ್ಲಿ ಫೆಲಿಕ್ಸ್ ವಾಂಕೆಲ್ ಎಂಬ, ಎಂಜಿನಿಯರಿಂಗ್ ಪದವಿಯಿಲ್ಲದೆ ತಾನಾಗಿಯೇ ಕಲಿತ ಸಂಶೋಧಕರ ಕಲ್ಪನೆ 1957ರಲ್ಲಿ ಓಡುವ ಎಂಜಿನ್ ಆಗಿತ್ತು. ಎನ್‌ಎಸ್‌ಯುವಿನ ಹಾನ್ಸ್ ಡೀಟರ್ ಪಾಶ್ಕೆ ಅದನ್ನು ಸರಳಗೊಳಿಸಿ ಇಂದಿನ ರೂಪಕ್ಕೆ ತಂದರು. 1961ರಲ್ಲಿ ಜಪಾನ್ ಸರ್ಕಾರದ ಒಪ್ಪಿಗೆ ಸಿಕ್ಕಿ, ಆ ವಿದ್ಯೆ ಹಿರೋಶಿಮಾಕ್ಕೆ ಬಂತು.

ಈ ಎಂಜಿನ್ನಿನ ಒಳಗೋಡೆಯ ಆಕಾರ ನೋಡಬೇಕೆಂದರೆ ರೇಷ್ಮೆ ಗೂಡೊಂದನ್ನು ಉದ್ದುದ್ದಕ್ಕೆ ಸೀಳಿ ನೋಡಿ: ಅಂಡಾಕಾರ, ನಡುವಿನಲ್ಲಿ ತುಸು ಸೊಂಟ. ಅದರೊಳಗೆ ಬದಿಗಳು ಸ್ವಲ್ಪ ಉಬ್ಬಿದ ತ್ರಿಕೋನಾಕಾರದ ರೋಟರ್. ರೋಟರಿನ ಮೂರು ತುದಿಗಳೂ ಸದಾ ಗೋಡೆಗೆ ತಾಗಿಕೊಂಡೇ ಸುತ್ತುತ್ತವೆ. ಹಾಗಾಗಿ ಮೂರು ಬದಿಗಳಿಗೂ ಗೋಡೆಗೂ ನಡುವೆ ಮೂರು ಕೋಣೆಗಳು ಏರ್ಪಡುತ್ತವೆ. ರೋಟರ್ ನಡುಗಂಬಿಯ ಕೇಂದ್ರಕ್ಕೆ ಸರಿಯಾಗಿ ಕೂತಿಲ್ಲ, ಕೇಂದ್ರದಿಂದ ತುಸು ಪಕ್ಕಕ್ಕೆ ಸರಿದು ಕೂತಿದೆ. ಅದರಿಂದ ಸುತ್ತುತ್ತಾ ಹೋದಂತೆ ಪ್ರತಿ ಕೋಣೆಯೂ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗಿ ಕುಗ್ಗುತ್ತದೆ. ಮೊದಲು ಹಿಗ್ಗುವಾಗ ಗಾಳಿ-ಪೆಟ್ರೋಲ್ ಒಳಗೆ ಬರುತ್ತದೆ. ಕುಗ್ಗುವಾಗ ಒತ್ತಡಕ್ಕೆ ಸಿಲುಕುತ್ತದೆ. ಆಗ ಕಿಡಿ ಹತ್ತಿ ಉರಿದು ರೋಟರನ್ನು ತಳ್ಳುತ್ತದೆ. ಕೊನೆಗೆ ಕುಗ್ಗುವಾಗ ಹೊಗೆ ಹೊರಬೀಳುತ್ತದೆ. ಪಿಸ್ಟನ್ ಎಂಜಿನ್ನಿನ ನಾಲ್ಕು ಹಂತಗಳೂ ಇಲ್ಲಿವೆ, ವಾಲ್ವ್‌ಗಳಿಲ್ಲ. ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ರೋಟರೇ ಮುಚ್ಚಿ ತೆರೆಯುತ್ತದೆ.

ರೋಟರ್ ಒಂದು ಸುತ್ತು ಹಾಕುವಷ್ಟರಲ್ಲಿ ನಡುಗಂಬಿ ಮೂರು ಸುತ್ತು ಹಾಕಿರುತ್ತದೆ. ಮೂರು ಕೋಣೆಗಳಿಗೆ ಮೂರು ಕಿಡಿ. ಅಂದರೆ ಗಂಬಿಯ ಪ್ರತಿ ಸುತ್ತಿಗೂ ಒಂದು ರೋಟರಿನಿಂದ ಒಂದು ತಳ್ಳು. ಒಂದು ಸಿಲಿಂಡರಿನ ನಾಲ್ಕು ಹಂತದ ಪಿಸ್ಟನ್ ಎಂಜಿನ್ ಇಷ್ಟು ಮಾಡಲು ಎರಡು ಸುತ್ತು ತೆಗೆದುಕೊಳ್ಳುತ್ತದೆ. ಜೊತೆಗೆ ಪಿಸ್ಟನ್ನಿನ ತಳ್ಳು ಗಂಬಿಯ ಅರ್ಧ ಸುತ್ತಿಗೆ ಮುಗಿದರೆ ರೋಟರಿನದು ಮುಕ್ಕಾಲು ಸುತ್ತಿನವರೆಗೆ ಚಾಚಿಕೊಳ್ಳುತ್ತದೆ. ನಿಂತು ದಿಕ್ಕು ಬದಲಿಸುವ ಭಾಗ ಒಂದೂ ಇಲ್ಲ. ಎಂಜಿನ್ ಪುಟ್ಟದು, ಹಗುರ, ನಡುಕವಿಲ್ಲದ್ದು.

ಪಿಶಾಚಿಯ ಉಗುರಿನ ಗೀರು

ಕಾಗದದ ಮೇಲೆ ಇದಕ್ಕಿಂತ ಚಂದದ ಎಂಜಿನ್ ಇಲ್ಲ. ಆದರೆ ರೋಟರಿನ ತುದಿಗಳು ಗೋಡೆಯನ್ನು ಸದಾ ಉಜ್ಜುತ್ತಲೇ ಇರಬೇಕು. ಒಂದು ಕೋಣೆಯ ಅನಿಲ ಪಕ್ಕದ ಕೋಣೆಗೆ ನುಗ್ಗದಂತೆ ತಡೆಯುವುದು ತುದಿಯ ಸೀಳಿನಲ್ಲಿ ಕೂರಿಸಿದ ತೆಳ್ಳನೆಯ ಸೀಲ್ ಪಟ್ಟಿ. ಪರೀಕ್ಷೆಗೆ ಓಡಿಸಿದ ಎಂಜಿನ್ನನ್ನು ಬಿಚ್ಚಿದಾಗ ಒಳಗೋಡೆಯ ಕ್ರೋಮ್ ಲೇಪದ ಮೇಲೆ ಅಲೆಯಲೆಯಾಗಿ ಗೀರುಗಳು ಬಿದ್ದಿದ್ದವು. ಹಿರೋಶಿಮಾದ ಎಂಜಿನಿಯರುಗಳು ಅವನ್ನು ಪಿಶಾಚಿಯ ಉಗುರಿನ ಗುರುತು ಎಂದು ಕರೆದರು.

1963ರಲ್ಲಿ ಕೆನಿಚಿ ಯಮಾಮೊಟೊ ಅವರ ಮುಂದಾಳತ್ವದಲ್ಲಿ 47 ಎಂಜಿನಿಯರುಗಳ ತಂಡ ಈ ಪಿಶಾಚಿಯ ಬೆನ್ನು ಹತ್ತಿತು. ಒಡೆಯನಿಗಾಗಿ ಪ್ರಾಣ ಕೊಟ್ಟ 47 ಸಮುರಾಯಿಗಳ ಕತೆ ಜಪಾನಿನಲ್ಲಿ ಮನೆಮಾತು. ಈ ತಂಡಕ್ಕೂ ಅದೇ ಹೆಸರು ಅಂಟಿಕೊಂಡಿತು. ಸೀಲ್‌ಗೆ ಅವರು ಪ್ರಯತ್ನಿಸದ ವಸ್ತುವಿಲ್ಲ. ದನದ ಮತ್ತು ಕುದುರೆಯ ಮೂಳೆಯನ್ನೂ ಪರೀಕ್ಷಿಸಿದರು. ಕೊನೆಗೆ ತಿಳಿದದ್ದೇನೆಂದರೆ, ತೊಂದರೆ ಬರೀ ಸವೆತದ್ದಲ್ಲ, ಕಂಪನದ್ದು. ಪ್ರತಿ ವಸ್ತುವಿಗೂ ಅದರದೇ ಆದ ಸಹಜ ಕಂಪನಾವೃತ್ತಿ ಇರುತ್ತದೆ. ಗೋಡೆಗೆ ಉಜ್ಜುವಾಗ ಸೀಲ್ ತನ್ನ ಆ ಲಯಕ್ಕೆ ಸಿಕ್ಕಿ ಪಟಪಟನೆ ಕುಪ್ಪಳಿಸುತ್ತಿತ್ತು; ಕುಪ್ಪಳಿಸಿದ ಕಡೆಯಲ್ಲೆಲ್ಲ ಗೀರು. ಸೀಲಿನೊಳಗೆ ಅಡ್ಡ ಉದ್ದ ರಂಧ್ರ ಕೊರೆದು ಆ ಲಯವನ್ನು ಬದಲಿಸಿದಾಗ ಗೀರು ಕಣ್ಮರೆಯಾಯಿತು. ಮಾರಾಟದ ಎಂಜಿನ್ನಿಗೆ ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆತ ಸೀಲ್ ಸಿದ್ಧವಾಯಿತು.

1967ರ ಮೇ 30ರಂದು ‘ಕಾಸ್ಮೊ ಸ್ಪೋರ್ಟ್’ ಮಾರುಕಟ್ಟೆಗೆ ಬಂತು. ಎರಡು ರೋಟರ್, ಒಟ್ಟು 982 ಸಿಸಿ, 110 ಅಶ್ವಶಕ್ತಿ. ಮರುವರ್ಷ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 84 ಗಂಟೆಗಳ ಓಟಕ್ಕೆ ಇಳಿದ ಎರಡು ಕಾಸ್ಮೊಗಳಲ್ಲಿ ಒಂದು ನಾಲ್ಕನೆಯ ಸ್ಥಾನ ಪಡೆಯಿತು. ಅತ್ತ ವಿದ್ಯೆಯ ತವರಾದ ಎನ್‌ಎಸ್‌ಯು ಅದೇ 1967ರಲ್ಲಿ ತಂದ ‘ಆರ್‌ಒ 80’ ಕಾರಿನ ಸೀಲ್‌ಗಳು ಬೇಗ ಸವೆದವು. ಗ್ಯಾರಂಟಿಯ ಮೇಲೆ ಎಂಜಿನ್ ಬದಲಿಸಿ ಬದಲಿಸಿ ಸೋತ ಕಂಪನಿ 1969ರಲ್ಲಿ ಬೇರೊಂದು ಕಂಪನಿಯೊಡನೆ ವಿಲೀನವಾಯಿತು.

ಗುಣದ ಬೆನ್ನಿಗೇ ದೋಷ

1973ರ ತೈಲ ಬಿಕ್ಕಟ್ಟು ಮಜ್ದಾವನ್ನು ಮುಳುಗುವ ಹಂತಕ್ಕೆ ತಂದಿತು. ರೋಟರಿ ಎಂಜಿನ್ನಿನ ಪೆಟ್ರೋಲ್ ದಾಹ ಎಲ್ಲರ ಕಣ್ಣಿಗೆ ಬಿತ್ತು. ಅಮೆರಿಕದ ಜನರಲ್ ಮೋಟರ್ಸ್ ತನ್ನ ರೋಟರಿ ಯೋಜನೆಯನ್ನು ಬದಿಗಿಟ್ಟಿತು. ಸುಮಿಟೊಮೊ ಬ್ಯಾಂಕಿನ ಆಸರೆಯಿಂದ ಮಜ್ದಾ ಉಸಿರಾಡಿತು.

ದಾಹದ ಕಾರಣ ಮತ್ತೆ ಆ ಜ್ಯಾಮಿತಿಯೇ. ಪಿಸ್ಟನ್ ಎಂಜಿನ್ನಿನಲ್ಲಿ ಬೆಂಕಿ ಹತ್ತುವ ಜಾಗ ಗಿಡ್ಡ, ಅಡಕ. ರೋಟರಿಯಲ್ಲಿ ಅದು ಉದ್ದನೆಯ ಚಪ್ಪಟೆ ಓಣಿ, ಸಾಲದ್ದಕ್ಕೆ ಸರಿಯುತ್ತಲೇ ಇರುತ್ತದೆ. ಗೋಡೆಯ ಮೇಲ್ಮೈ ಹೆಚ್ಚಿದ್ದಷ್ಟೂ ಶಾಖ ಹೆಚ್ಚು ಸೋರಿಹೋಗುತ್ತದೆ. ಓಣಿಯ ತುದಿ ಮುಟ್ಟುವ ಮೊದಲೇ ಜ್ವಾಲೆ ಆರಿದರೆ ಉರಿಯದ ಪೆಟ್ರೋಲ್ ಹೊಗೆಯೊಡನೆ ಹೋಗುತ್ತದೆ. ಅದಕ್ಕೇ ಒಂದೊಂದು ರೋಟರಿಗೂ ಎರಡೆರಡು ಸ್ಪಾರ್ಕ್ ಪ್ಲಗ್. ಇನ್ನು ಸೀಲ್‌ಗಳು ಒಣಗದಂತೆ ಪಂಪೊಂದು ತೊಟ್ಟು ತೊಟ್ಟಾಗಿ ಎಂಜಿನ್ ಆಯಿಲ್ಲನ್ನು ಒಳಗೆ ಬಿಡುತ್ತದೆ. ಅದು ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಆಯಿಲ್ ಸುಡುವುದು ಇಲ್ಲಿ ಕಾಯಿಲೆಯಲ್ಲ, ಏರ್ಪಾಡು.

ಯಮಾಮೊಟೊ ತಂಡ ಎಂಜಿನ್ನನ್ನು ಕೈಬಿಡಲಿಲ್ಲ. ಅದರ ಮೈಲೇಜ್ ಸುಧಾರಿಸಿ, ಅದಕ್ಕೆ ಒಪ್ಪುವ ಕಾರನ್ನು ಕಟ್ಟಿತು. 1978ರ ‘ಆರ್‌ಎಕ್ಸ್-7’ ಅಂಥದ್ದು. ಎಂಜಿನ್ ಪುಟ್ಟದಾದ್ದರಿಂದ ಅದನ್ನು ಮುಂದಿನ ಗಾಲಿಗಳ ಅಚ್ಚಿಗಿಂತ ಹಿಂದಕ್ಕೆ ಕೂರಿಸಬಹುದಿತ್ತು. ತೂಕ ನಡುವಿಗೆ ಬಂದಷ್ಟೂ ಕಾರು ತಿರುವಿನಲ್ಲಿ ಹಗುರಾಗಿ ಹೊರಳುತ್ತದೆ. ಮೂರು ಪೀಳಿಗೆಗಳಲ್ಲಿ 2002ರವರೆಗೆ ಎಂಟು ಲಕ್ಷಕ್ಕೂ ಹೆಚ್ಚು ಆರ್‌ಎಕ್ಸ್-7ಗಳು ತಯಾರಾದವು.

1991ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟದಲ್ಲಿ ನಾಲ್ಕು ರೋಟರಿನ ‘787ಬಿ’ 362 ಸುತ್ತು ಹಾಕಿ ಗೆದ್ದಿತು. ಜಪಾನಿನ ಕಂಪನಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಎರಡನೆಯ ಕಂಪನಿ ಗೆಲ್ಲಲು 2018ರವರೆಗೆ ಕಾಯಬೇಕಾಯಿತು. ಮುಂದಿದ್ದ ಮರ್ಸಿಡಿಸ್ ಕೊನೆಯ ಗಂಟೆಗಳಲ್ಲಿ ಕೆಟ್ಟು ನಿಂತಾಗ ಹಿಂದೊಮ್ಮೆ ಬೇಗ ಸವೆಯುತ್ತದೆಂದು ಹೆಸರು ಕೆಡಿಸಿಕೊಂಡ ಎಂಜಿನ್ ಓಡುತ್ತಲೇ ಇತ್ತು.

ಒಡೆಯರ ದಿನಚರಿ

ರೋಟರಿ ಕಾರು ಇಟ್ಟುಕೊಂಡವರಿಗೆ ಕೆಲವು ನೇಮಗಳುಂಟು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಬಾನೆಟ್ ಎತ್ತಿ ಆಯಿಲ್ ಮಟ್ಟ ನೋಡಬೇಕು. ಮನೆ ಮುಂದಿನ ಕಾರನ್ನು ನಾಲ್ಕಡಿ ಸರಿಸಿ ತಣ್ಣಗಿರುವಾಗಲೇ ಆಫ್ ಮಾಡಕೂಡದು. ಹಾಗೆ ಮಾಡಿದರೆ ಉರಿಯದ ಪೆಟ್ರೋಲ್ ಸೀಲ್‌ಗಳ ಮೇಲಿನ ಆಯಿಲ್ ಪದರವನ್ನು ತೊಳೆದುಬಿಡುತ್ತದೆ, ಒತ್ತಡ ನಿಲ್ಲುವುದಿಲ್ಲ, ಮರುದಿನ ಗಾಡಿ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಹಳೆಯ ಕಾರು ಕೊಳ್ಳುವ ಜಾಣರು ಪ್ರತಿ ರೋಟರಿನ ಮೂರು ಕೋಣೆಗಳ ಒತ್ತಡವನ್ನೂ ಬೇರೆ ಬೇರೆಯಾಗಿ ಅಳೆಸುತ್ತಾರೆ.

ಇಷ್ಟೆಲ್ಲ ಯಾಕೆ ಎಂದರೆ, ಆಕ್ಸಿಲರೇಟರ್ ಒತ್ತಿದಾಗ ಸಿಗುವ ಅನುಭವಕ್ಕೆ. ಪಿಸ್ಟನ್ ಎಂಜಿನ್ ವೇಗ ಏರಿದಂತೆ ಗೊಣಗಿ, ನಡುಗಿ, ಸಾಕು ಎನ್ನುತ್ತದೆ. ರೋಟರಿ ಸದ್ದನ್ನಷ್ಟೇ ಏರಿಸುತ್ತಾ ನುಣ್ಣಗೆ ಮೇಲೆ ಹೋಗುತ್ತದೆ. ಮೊದಲ ಆರ್‌ಎಕ್ಸ್-7ರಲ್ಲಿ ಮಿತಿ ಸಮೀಪಿಸಿದಾಗ ಎಚ್ಚರಿಸಲು ಬಜರ್ ಇಡಬೇಕಾಯಿತು, ಯಾಕೆಂದರೆ ಎಂಜಿನ್ ತಾನಾಗಿ ಯಾವ ಸೂಚನೆಯನ್ನೂ ಕೊಡುತ್ತಿರಲಿಲ್ಲ. ಜಪಾನಿನಲ್ಲಿ ಜುಲೈ 7ರಂದು ಈ ಕಾರಿನ ಒಡೆಯರು ಒಟ್ಟುಗೂಡುತ್ತಾರೆ. ಬಿಡಿಭಾಗ, ಮೆಕ್ಯಾನಿಕ್, ಅನುಭವ ಎಲ್ಲವನ್ನೂ ಹಂಚಿಕೊಳ್ಳುವ ಸಮುದಾಯ ಅದು. ಒಬ್ಬರಿಗೊಬ್ಬರು ಕಲಿಸದೆ ಈ ಎಂಜಿನ್ನನ್ನು ಉಳಿಸಿಕೊಳ್ಳುವುದು ಕಷ್ಟ.

ಪಿಸ್ಟನ್ ಎಂಜಿನ್ ಇಟ್ಟ ಮಜ್ದಾಗಳಲ್ಲೂ ಇದೇ ಒಲವು ಕಾಣುತ್ತದೆ. 1989ರ ಎರಡೇ ಸೀಟಿನ ‘ಎಂಎಕ್ಸ್-5’ ಶಕ್ತಿಯಲ್ಲಿ ಸಾಧಾರಣ. ಆದರೆ ತೂಕ ಸುಮಾರು 940 ಕಿಲೊ ಮಾತ್ರ, ಅದೂ ಹಿಂದಕ್ಕೂ ಮುಂದಕ್ಕೂ ಸಮನಾಗಿ ಹಂಚಿಕೆಯಾದದ್ದು. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂ ಚೌಕಟ್ಟೊಂದು ಬಿಗಿಯಾಗಿ ಹಾಯ್ದಿರುವುದರಿಂದ ಕಾಲಿನ ಒತ್ತು ತಡವಿಲ್ಲದೆ ಗಾಲಿಗೆ ಮುಟ್ಟುತ್ತದೆ. ಕುದುರೆಯೂ ಸವಾರನೂ ಒಂದೇ ಆಗುವುದೇ ಗುರಿ ಎಂದು ಅದನ್ನು ಕಟ್ಟಿದವರು ಹೇಳುತ್ತಿದ್ದರು. 2016ರಲ್ಲಿ ಆ ಕಾರಿನ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಅದರ ಮೊದಲ ಪೀಳಿಗೆಯ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಕೆಲಸವನ್ನು ಜಪಾನಿನಲ್ಲಿ ಕಂಪನಿಯೇ ಕೈಗೆತ್ತಿಕೊಂಡಿದೆ.

ಮತ್ತೊಂದು ಸುತ್ತು

ಹೊಗೆಯ ಕಟ್ಟುಪಾಡು ಬಿಗಿಯಾದಂತೆ ರೋಟರಿಗೆ ಜಾಗ ಕಿರಿದಾಯಿತು. 2012ರಲ್ಲಿ ‘ಆರ್‌ಎಕ್ಸ್-8’ ಎಂಬ ರೋಟರಿ ಕಾರಿನ ತಯಾರಿಕೆ ನಿಂತುಹೋಯಿತು. ಅಲ್ಲಿಗೆ ಕತೆ ಮುಗಿಯಿತು ಎಂದುಕೊಂಡಿದ್ದಾಗ 2023ರಲ್ಲಿ ‘ಎಂಎಕ್ಸ್-30 ಆರ್-ಇವಿ’ ಬಂತು. ಅದರ ಗಾಲಿಗಳನ್ನು ಓಡಿಸುವುದು ವಿದ್ಯುತ್ ಮೋಟಾರ್. 17.8 ಕಿಲೊವ್ಯಾಟ್ ಅವರ್ ಬ್ಯಾಟರಿ ಬರಿದಾಗುತ್ತ ಬಂದಾಗ 830 ಸಿಸಿಯ ಒಂಟಿ ರೋಟರ್ ಎಂಜಿನ್ ಜನರೇಟರ್ ಆಗಿ ವಿದ್ಯುತ್ ಕೊಡುತ್ತದೆ.

ಈ ಕೆಲಸ ಅದಕ್ಕೆ ಒಗ್ಗುತ್ತದೆ. ನಗರದಲ್ಲಿ ನಿಂತು ಹೊರಟು, ವೇಗ ಏರಿಳಿಸುವ ಕಷ್ಟ ಗಾಲಿಗೆ ನೇರವಾಗಿ ಜೋಡಿಸಿದ ಎಂಜಿನ್ನಿನದು. ಜನರೇಟರನ್ನು ಅದಕ್ಕೆ ಹಿತವಾದ ವೇಗದ ಹತ್ತಿರವೇ ಓಡಲು ಬಿಡಬಹುದು. ಮೋಟಾರಿನ ಪಕ್ಕದ ಇಕ್ಕಟ್ಟಿನಲ್ಲಿ ಸದ್ದು-ನಡುಕ ಹೆಚ್ಚಿಸದೆ ಕೂರುವ ಪುಟ್ಟ ಎಂಜಿನ್ ಬೇಕೆಂದಾಗ ರೋಟರಿಗಿಂತ ಒಪ್ಪುವಂಥದ್ದು ಹೆಚ್ಚಿಲ್ಲ. ಪೆಟ್ರೋಲನ್ನು ನೇರವಾಗಿ ಕೋಣೆಗೆ ಚಿಮ್ಮಿಸುವ ವ್ಯವಸ್ಥೆ ತಂದು ಉರಿಯುವಿಕೆಯನ್ನೂ ಸುಧಾರಿಸಿದ್ದಾರೆ. 2024ರಲ್ಲಿ ಕಂಪನಿ ರೋಟರಿ ಸಂಶೋಧನೆಗೆಂದೇ ಪ್ರತ್ಯೇಕ ತಂಡವನ್ನು ಮತ್ತೆ ಕಟ್ಟಿತು.

ಮಾರುಕಟ್ಟೆಯ ಲೆಕ್ಕದಲ್ಲಿ ಪಿಸ್ಟನ್ ಎಂದೋ ಗೆದ್ದಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲರೂ ಕೈಬಿಟ್ಟ ದಾರಿಯಲ್ಲಿ ಒಂದು ಸಣ್ಣ ಕಂಪನಿ ಅರವತ್ತು ವರ್ಷ ನಡೆದದ್ದರಿಂದಲೇ ಕಂಪನ, ಸವೆತ, ದಹನಗಳ ಬಗೆಗಿನ ಎಷ್ಟೋ ತಿಳಿವಳಿಕೆ ನಮಗೆ ದಕ್ಕಿತು. ಮಜ್ದಾದ ಒಡೆಯರು ತಮ್ಮ ಕಾರಿನ ದೋಷಗಳನ್ನು ಮುಚ್ಚಿಡುವುದಿಲ್ಲ. ಯಾವ ದೋಷ ಯಾವ ಗುಣದ ಬೆಲೆ ಎಂದು ವಿವರಿಸಿ ಹೇಳುತ್ತಾರೆ. ಯಂತ್ರವೊಂದನ್ನು ಹೀಗೆ ಒಳಹೊಕ್ಕು ಅರಿತು ಇಟ್ಟುಕೊಳ್ಳುವುದು ವಿಜ್ಞಾನವನ್ನು ಪ್ರೀತಿಸುವ ಒಂದು ಒಳ್ಳೆಯ ರೀತಿ. ನಮ್ಮ ಮನೆಯ ಗಾಡಿ ಯಾವ ಕಂಪನಿಯದೇ ಇರಲಿ, ಅದರ ಬಾನೆಟ್ ಎತ್ತಿ ಒಳಗೆ ಏನು ನಡೆಯುತ್ತದೆ ಎಂದು ಕೇಳುವ ಕುತೂಹಲವನ್ನು ನಾವೂ ಬೆಳೆಸಿಕೊಳ್ಳಬಹುದು, ಮಕ್ಕಳಿಗೂ ಕಲಿಸಬಹುದು.