ಬಲ್ಬು ತಿದ್ದಿದ ನಾದ
ಹಿಂದೆ ಹಾಸನ, ಹೊಳೆನರಸೀಪುರಗಳ ಮನೆಗಳಲ್ಲಿ ಉರಿಯುತ್ತಿದ್ದಂಥ ತಂತಿಯ ಬಲ್ಬೊಂದು ನಾದವನ್ನು ತಿದ್ದಬಲ್ಲುದೆಂದರೆ ನಂಬುವವರಾರು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ವಿಲಿಯಂ ಹ್ಯೂಲೆಟ್ ನಂಬಿದನು. ಧ್ವನಿಯಂತ್ರಗಳ ಪರೀಕ್ಷೆಗೆ ಬೇಕಾದ ಶುದ್ಧ ಸ್ವರವನ್ನು ಹುಟ್ಟಿಸುವ ಉಪಕರಣದಲ್ಲಿ ಅಂಥ ಪುಟ್ಟ ಬಲ್ಬನ್ನು ಇರಿಸಿದನು. ಸ್ವರದ ಬಲ ಹೆಚ್ಚಿದರೆ ತಂತಿ ಕಾದು ವಿದ್ಯುತ್ತಿಗೆ ತಡೆಯೊಡ್ಡುವುದು. ಬಲ ತಾನೇ ತಗ್ಗುವುದು.

1938ರಲ್ಲಿ ಗೆಳೆಯ ಡೇವಿಡ್ ಪ್ಯಾಕರ್ಡನೊಡನೆ 538 ಡಾಲರು ಹೂಡಿ, ಕಾರಿನ ಷೆಡ್ಡಿನಲ್ಲಿ ಅದನ್ನು ಮಾರಾಟಕ್ಕೆ ಅಣಿಗೊಳಿಸಿದನು. ಹೊಸಬರೆಂದು ಗಿರಾಕಿಗಳು ಹಿಂಜರಿಯದಿರಲೆಂದು ‘200ಎ’ ಎಂದು ಹೆಸರಿಟ್ಟರು. ಬೆಲೆ 54 ಡಾಲರು 40 ಸೆಂಟು. ಆಮೇಲೆ ನೋಡಿದರೆ, ತಯಾರಿಕೆಯ ವೆಚ್ಚವೇ ಅದನ್ನು ಮೀರಿತ್ತು! ಸುಧಾರಿಸಿದ ‘200ಬಿ’ಯ ಬೆಲೆ 71 ಡಾಲರು 50 ಸೆಂಟಾಯಿತು. ಆದರೂ ವಾಲ್ಟ್ ಡಿಸ್ನಿಯ ಸಂಸ್ಥೆ ‘ಫ್ಯಾಂಟೇಸಿಯ’ ಚಿತ್ರಕ್ಕಾಗಿ ಎಂಟನ್ನು ಕೊಂಡಿತು. ಹವ್ಯಾಸಕ್ಕೆ ಜಾಣ್ಮೆ ಸಾಕು. ವ್ಯಾಪಾರಕ್ಕೆ ಲೆಕ್ಕವೂ ಬೇಕು.