ಹಿಂಡಿನ ಹುಡುಕಾಟ ಮತ್ತು ನೀರೊಳಗಿನ ದನಿಯ ದಿಕ್ಕು

ನೀರಿನಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಚಲಿಸುತ್ತದೆ. ಸಾಲಾಗಿ ಇಳಿಬಿಟ್ಟ ಹೈಡ್ರೋಫೋನುಗಳನ್ನು ಅದು ತಲುಪುವ ಕಾಲದಲ್ಲಿನ ಅತ್ಯಲ್ಪ ವ್ಯತ್ಯಾಸವೇ ಧ್ವನಿಮೂಲದ ದಿಕ್ಕಿಗೆ ಸುಳಿವು. ಮೂಲಗಳು ಹಲವಾಗಿ ಗದ್ದಲವೂ ಬೆರೆತಾಗ ಗರಿಷ್ಠ ಸಂಭಾವ್ಯತಾ ವಿಧಾನವು ನಂಬಲರ್ಹವಾದರೂ ಲೆಕ್ಕ ಬೆಟ್ಟದಷ್ಟಾಗುತ್ತದೆ: ಮೂರು ಮೂಲಗಳನ್ನು 180 ಕೋನಗಳಲ್ಲಿ ಹುಡುಕಿದರೆ 9,55,860 ಸಂಯೋಜನೆಗಳು.

1995ರಲ್ಲಿ ಕೆನೆಡಿ ಮತ್ತು ಎಬರ್‌ಹಾರ್ಟ್ ಮಂಡಿಸಿದ ಕಣಸಮೂಹ ಕ್ರಮವು ಇವೆಲ್ಲವನ್ನೂ ಪರೀಕ್ಷಿಸುವುದಿಲ್ಲ. ಇಲ್ಲಿ ಪ್ರತಿಯೊಂದು ಕಣವೂ ಒಂದು ಊಹೆ. ತಾನು ಕಂಡ ಉತ್ತಮ ನೆಲೆಯನ್ನೂ ಹಿಂಡು ಕಂಡ ಉತ್ತಮ ನೆಲೆಯನ್ನೂ ನೆನಪಿನಲ್ಲಿಟ್ಟು ಅದು ಸರಿಯುತ್ತದೆ. ಕಥನಗಾರನ ನೆನಪು ಮತ್ತು ಸಮುದಾಯದ ನೆನಪುಗಳ ಸಂಬಂಧವನ್ನು ಬಲ್ಲ ಜಾನಪದ ಅಭ್ಯಾಸಿಗೆ ಈ ಕ್ರಮ ತೀರ ಅಪರಿಚಿತವೆನಿಸದು. ಆದರೆ ಕಣಗಳೆಲ್ಲವೂ ಹಿಂಡಿಗೇ ಬೇಗ ಓಗೊಟ್ಟರೆ ಶೋಧವು ಸುಳ್ಳು ಶಿಖರವೊಂದರಲ್ಲಿ ನಿಂತುಬಿಡುತ್ತದೆ. ಲೆಕ್ಕವು ತೋರಿದ ದಿಕ್ಕಿನಲ್ಲಿ ಆಗ ಯಾವ ಮೂಲವೂ ಇರುವುದಿಲ್ಲ.